ತಿರುಗೋಣಿಯ ಮೂಲೆಮನೆಗಳು

ನಮ್ಮ ಮನೆ ಅರವತ್ತು ಡಿಗ್ರಿಗೆ ಇಳಿದ ವಾರವೇ ಅಕ್ಕ ಅಂಬುಜ ಬಾಣಂತನಕ್ಕೆ ಬರುತ್ತೇನೆಂದು ಫೋನ್ ಮಾಡಿದಳು. ಫೋನೆತ್ತಿದವರು ಅಪ್ಪ. "ಜಾಗ ಇದೆಯೇನಪ್ಪ?" ಎಂದು ಅವಳು ಕೇಳಿದಳು. "ಬೇಕಾದಷ್ಟಿದೆ ಕಣಮ್ಮ, ನೂರಿಪ್ಪತ್ತು ಡಿಗ್ರಿ" ಎಂದರು ಅಪ್ಪ. ನಮ್ಮ ಫೋನ್ ಇದ್ದದ್ದು ಮನೆಯ ಚೂಪು ಮೂಲೆಯಲ್ಲಿ. ಹಾಗೆ ಹೇಳುವಾಗ ಅಪ್ಪನ ಬೆನ್ನು ಒಂದು ಗೋಡೆಗೂ ಹೊಟ್ಟೆ ಇನ್ನೊಂದು ಗೋಡೆಗೂ ತಾಗಿತ್ತು. ಅಡುಗೆಮನೆಯಲ್ಲಿದ್ದ ಅಮ್ಮ ಸೌಟು ಕೆಳಗಿಟ್ಟು, "ಇವರಿಗೆ ಉಸಿರು ತಗೊಳ್ಳೋಕೇ ಜಾಗ ಇಲ್ಲ, ಸುಳ್ಳು ಹೇಳೋಕೆ ಮಾತ್ರ ಎಲ್ಲಿಂದಲೋ ಹುಟ್ಟುತ್ತೆ" ಎಂದು ನನ್ನ ಕಡೆ ನೋಡಿದಳು.

ನಮ್ಮೂರಿಗೆ ಇರುವುದು ಒಂದೇ ದೊಡ್ಡ ರಸ್ತೆ. ದಾರ ಹಿಡಿದು ಎಳೆದ ಹಾಗೆ ನೇರ. ಆ ರಸ್ತೆಗೆ ಒಂದು ಕಡೆಯಿಂದ ಬಂದು ಕೂಡುವುದು ತಿರುಗೋಣಿ. ಅದು ನಿಂತಲ್ಲಿ ನಿಲ್ಲುವ ಓಣಿಯಲ್ಲ. ರಸ್ತೆಗೆ ಕೂಡುವ ಜಾಗ ಮಾತ್ರ ಬಾಗಿಲ ಕೀಲಿನ ಹಾಗೆ ಕದಲದೆ ಇರುತ್ತದೆ. ಉಳಿದ ಓಣಿಯೆಲ್ಲ, ತನ್ನ ಚರಂಡಿ, ದೀಪದ ಕಂಬ, ಕಂಬದ ಬುಡದಲ್ಲಿ ಮಲಗುವ ನಾಯಿ ಸಮೇತ, ಒಮ್ಮೆ ಎಡಕ್ಕೆ ವಾಲುತ್ತದೆ, ಒಮ್ಮೆ ಬಲಕ್ಕೆ. ಎಮ್ಮೆ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಷ್ಟು ನಿಧಾನ. ಒಳಗಿನ ಮನೆಗಳವರಿಗೆ ಇದರಿಂದ ಹೆಚ್ಚೇನೂ ತೊಂದರೆಯಿಲ್ಲ, ಬಿಸಿಲು ಬೀಳುವ ಕಿಟಕಿ ಬದಲಾಗುತ್ತದೆ ಅಷ್ಟೆ. ತೊಂದರೆಯೆಲ್ಲ ಮೂಲೆಯ ಎರಡು ಮನೆಗಳಿಗೆ. ಎಡಗಡೆಯ ಮೂಲೆಮನೆ ನಮ್ಮದು. ಬಲಗಡೆಯದು ಹಾಸಿಗೆ ಹೊಲಿಯುವ ಕಪನಯ್ಯನವರದು. ಓಣಿ ನಮ್ಮ ಕಡೆ ವಾಲಿದರೆ ನಮ್ಮ ಮನೆ ಕಿರಿದಾಗುತ್ತದೆ, ಅವರದು ಹಿಗ್ಗುತ್ತದೆ. ಅವರ ಕಡೆ ವಾಲಿದರೆ ತಿರುಗುಮುರುಗು. ನಮಗೆ ಬಂದದ್ದೆಲ್ಲ ಅವರಿಂದ ಹೋದದ್ದು. ಎರಡೂ ಮನೆ ಸೇರಿಸಿದರೆ ಯಾವತ್ತೂ ನೂರ ಎಂಬತ್ತು. ಮೇಲೊಂದು ಇಲ್ಲ, ಕೆಳಗೊಂದು ಇಲ್ಲ.

ಹೈಸ್ಕೂಲಿನಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದೆ. ಹೀಗೆ ಒಂದೇ ಗೆರೆಯ ಮೇಲೆ ಪಕ್ಕಪಕ್ಕ ಕೂತ ಎರಡು ಕೋನಗಳಿಗೆ ಪಠ್ಯಪುಸ್ತಕದಲ್ಲಿ ಸರಳಯುಗ್ಮ ಎಂದು ಹೆಸರಿದೆ. ಆ ಹೆಸರಿಟ್ಟವರು ನಮ್ಮಪ್ಪನನ್ನೂ ಕಪನಯ್ಯನವರನ್ನೂ ನೋಡಿರಲಿಕ್ಕಿಲ್ಲ. ಆ ಜೋಡಿಯಲ್ಲಿ ಸರಳವಾದದ್ದು ಏನೂ ಇರಲಿಲ್ಲ.

ಮನೆ ಹಿಗ್ಗಿ ಕುಗ್ಗುವುದಕ್ಕೆ ಜನ ಹೊಂದಿಕೊಳ್ಳುತ್ತಾರೆ. ನಮ್ಮ ಬೀರುವಿಗೆ ಚಕ್ರವಿತ್ತು. ಮಂಚದ ಒಂದು ಮೂಲೆಯನ್ನು ಅಮ್ಮ ಗರಗಸದಲ್ಲಿ ಕೊಯ್ಯಿಸಿದ್ದಳು. ಮನೆ ದೊಡ್ಡದಾದಾಗ ನೆಂಟರು ಬರುತ್ತಿದ್ದರು, ಸಣ್ಣದಾದಾಗ ಅವರಿಗೆ ತಮ್ಮ ಮನೆಯಲ್ಲಿ ಕೆಲಸ ನೆನಪಾಗುತ್ತಿತ್ತು. ಅಪ್ಪ ಗುರುಮಲ್ಲಪ್ಪ ಬ್ಯಾಂಡ್ ಸೆಟ್ ನಡೆಸುತ್ತಿದ್ದವರು. ಮದುವೆಗೆ, ಮೆರವಣಿಗೆಗೆ, ಸತ್ತವರನ್ನು ಒಯ್ಯುವುದಕ್ಕೆ, ಎಲ್ಲದಕ್ಕೂ ಅವರ ಕ್ಲಾರಿಯೊನೆಟ್ಟೇ ಆಗಬೇಕು. ಸೆಟ್ಟಿನ ದೊಡ್ಡ ಡ್ರಮ್ ಇರುತ್ತಿದ್ದದ್ದು ನಮ್ಮ ಮನೆಯಲ್ಲಿ. ಮನೆ ಕುಗ್ಗಿದಾಗ ಅದು ಎರಡು ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತಿತ್ತು, ಹಿಂದಿನ ಕೋಣೆಗೆ ಹೋಗಬೇಕಾದವರು ಅದನ್ನು ಹತ್ತಿ ಇಳಿಯಬೇಕಾಗಿತ್ತು. ಅಮ್ಮ ಹಾಲಿಗೆ ಹೆಪ್ಪು ಹಾಕಲು ಹೋದದ್ದೂ ಬಂದದ್ದೂ ಬೀದಿಗೆಲ್ಲ ಕೇಳಿಸುತ್ತಿತ್ತು.

ಅಪ್ಪ ಮತ್ತು ಕಪನಯ್ಯನವರು ಮಾತಾಡುತ್ತಿರಲಿಲ್ಲ. ಓಣಿಯನ್ನು ಎಳೆದುಕೊಳ್ಳುತ್ತಿರುವುದು ಇನ್ನೊಬ್ಬನೇ ಎಂದು ಇಬ್ಬರೂ ನಂಬಿದ್ದರು. ಅಪ್ಪ ಬೆಳಗ್ಗೆ ಓಣಿಯ ಕಡೆ ಮುಖಮಾಡಿ ಕ್ಲಾರಿಯೊನೆಟ್ ಊದಿದರೆ ಅದು ಓಣಿಯನ್ನು ಆಚೆ ನೂಕುವುದಕ್ಕೆ ಎಂದು ಕಪನಯ್ಯನವರು ತಿಳಿದಿದ್ದರು. ಅದು ನಿಜವೂ ಆಗಿತ್ತು. ಅವರು ಜಗಲಿಯ ಮೇಲೆ ಕೂತು ಬಿಲ್ಲು ಮೀಟಿ ಹತ್ತಿ ಹಿಂಜಿದರೆ ಅದೂ ಓಣಿಗೆ ಹಾಕುವ ಮಂತ್ರ ಎಂದು ಅಪ್ಪ. ಓಣಿ ಇಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ತನ್ನ ಪಾಡಿಗೆ ತಾನು ವಾಲುತ್ತಿತ್ತು. ಹೆಂಗಸರ ನಡುವೆ ಜಗಳವಿರಲಿಲ್ಲ. ಕಪನಯ್ಯನವರ ಹೆಂಡತಿ ಚೆನ್ನಾಜಮ್ಮ, ನಾನು ಅತ್ತೆ ಎನ್ನುತ್ತಿದ್ದೆ, ನಮ್ಮಮ್ಮನ ಜೊತೆ ದಿನಾ ಓಣಿಯ ನಡುವೆ ನಿಂತು ಸಾರಿನಪುಡಿಯಿಂದ ಹಿಡಿದು ಗಂಡಂದಿರ ದಡ್ಡತನದವರೆಗೆ ಎಲ್ಲವನ್ನೂ ಅದಲುಬದಲು ಮಾಡಿಕೊಳ್ಳುತ್ತಿದ್ದಳು.

ಅಕ್ಕನನ್ನು ಕರೆತಂದವರು ಅವಳ ಅತ್ತೆ ಕಾತ್ಯಾಯನಮ್ಮ. ರಸ್ತೆಗಳೆಲ್ಲ ಇಟ್ಟಲ್ಲೇ ಇರುವ ಊರಿನವರು. ಎಲ್ಲವನ್ನೂ ಕಣ್ಣಾರೆ ನೋಡಿ ಒಪ್ಪುವ ಸ್ವಭಾವ. ನಮ್ಮ ಮನೆಗೆ ಬರುವ ಮೊದಲೇ ಅವರು ಎದುರು ಮೂಲೆಗೆ ಹೋಗಿ, ಬಾಣಂತಿಗೆ ಹೊಸ ಹಾಸಿಗೆ ಹೊಲಿಯಲು ಹೇಳಿ, ಮಾತಿಗೆ ಮಾತು ಬಂದು, "ನಿಮ್ಮ ಮನೆ ಈಗ ಎಷ್ಟಿದೆ?" ಎಂದು ಕೇಳಿದ್ದರು. ಕಪನಯ್ಯನವರು "ನೂರಿಪ್ಪತ್ತು" ಎಂದಿದ್ದರು. ಅದು ನಿಜವೇ. ಆಮೇಲೆ ನಮ್ಮ ಮನೆಯೊಳಗೆ ಬಂದು, ಡ್ರಮ್ಮಿನ ಪಕ್ಕದಲ್ಲಿ ಸಿಕ್ಕಷ್ಟು ಜಾಗದಲ್ಲಿ ಕೂತು, ಸುತ್ತ ನೋಡಿದರು.

"ಇದು ಎಷ್ಟು ಡಿಗ್ರಿ ಅಂದಿರಿ ಫೋನಿನಲ್ಲಿ?"

"ನೂರಿಪ್ಪತ್ತು" ಎಂದರು ಅಪ್ಪ.

"ಆ ಮನೆಯವರೂ ನೂರಿಪ್ಪತ್ತು ಅಂತಾರೆ. ಎರಡೂ ಸೇರಿದರೆ ಇನ್ನೂರ ನಲವತ್ತಾಯಿತು. ನೇರ ರಸ್ತೆಗೆ ನೂರ ಎಂಬತ್ತು ಅಂತ ನನ್ನ ಮಗ ಹೇಳಿದ್ದ. ಹಾಗಾದರೆ ಡೊಂಕಾಗಿರೋದು ನಿಮ್ಮೂರಿನ ರಸ್ತೆಯೋ, ಯಾರದಾದರೂ ನಾಲಿಗೆಯೋ?"

ಅಪ್ಪನಿಗೆ ಒಂದು ಆಸರೆಯಿತ್ತು. ಓಣಿಯ ಬಾಯಲ್ಲಿ ಅರ್ಧಚಂದ್ರದ ಆಕಾರದ ಒಂದು ಕಲ್ಲುಹಾಸು ಇದೆ. ಅದರ ಮೇಲೆ ಡಿಗ್ರಿಯ ಗೆರೆಗಳನ್ನು ಕೆತ್ತಿದ್ದಾರೆ, ಶಾಲೆಯ ಕೋನಮಾಪಕದ ಹಾಗೆ ಎರಡು ಸಾಲು: ಒಂದು ನಮ್ಮ ಕಡೆಯಿಂದ ಎಣಿಸಿದ್ದು, ಇನ್ನೊಂದು ಅವರ ಕಡೆಯಿಂದ. ಓಣಿ ಯಾವ ಗೆರೆಯ ಮೇಲೆ ನಿಂತಿದ್ದರೂ ಅಲ್ಲಿ ಎರಡು ಅಂಕಿ ಇರುತ್ತವೆ. ಅಪ್ಪ ಓದಿದ್ದು ಅವರ ಸಾಲು. "ನಾನೇನು ಮನಸ್ಸಿನಿಂದ ಹೇಳಿದ್ದಲ್ಲ ಅಮ್ಮಾವ್ರೇ, ಕಲ್ಲಲ್ಲಿ ಹಾಗೇ ಕೆತ್ತಿದೆ" ಎಂದರು.

"ಕಲ್ಲಲ್ಲಿ ಅರವತ್ತು ಅಂತಲೂ ಕೆತ್ತಿದೆ. ನಾನು ನೋಡಿಕೊಂಡೇ ಬಂದೆ."

ಮೂಲೆಮನೆಯವರಾದ ಅಪ್ಪ ಈಗ ನಿಜವಾಗಿ ಮೂಲೆಗೆ ಬಿದ್ದಿದ್ದರು. ಅಲ್ಲಿಗೆ ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ಆದರೆ ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಲ್ಲ, ನಮ್ಮ ಮನೆ ಹತ್ತಿರ ರಸ್ತೆ ಒಂದು ಚೂರು ಬಾಗಿದೆ. ಅದಕ್ಕೇ ನಮಗೆ ಜಾಸ್ತಿ ಬರುತ್ತೆ" ಎಂದುಬಿಟ್ಟರು.

ಕಾತ್ಯಾಯನಮ್ಮ ಎದ್ದರು. ಚೀಲದಿಂದ ಹೂ ಕಟ್ಟುವ ದಾರದ ಉಂಡೆ ತೆಗೆದರು. ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ನಮ್ಮ ಮನೆಯ ರಸ್ತೆಬದಿಯ ಗೋಡೆಯ ಕೊನೆಯಲ್ಲಿ ನಿಲ್ಲಿಸಿ, ಇನ್ನೊಂದು ತುದಿ ಹಿಡಿದು ಕಪನಯ್ಯನವರ ಮನೆಯ ಆ ಕೊನೆಯವರೆಗೆ ನಡೆದು, ಬಿಗಿಯಾಗಿ ಎಳೆದರು. ದಾರ ರಸ್ತೆಯ ಅಂಚಿಗೆ ಅಂಟಿದ ಹಾಗೆ ಕೂತಿತು. ಅಷ್ಟು ಹೊತ್ತಿಗೆ ಜನ ಸೇರಿದ್ದರು. ನಮ್ಮೂರಿಗೆ ನದಿಯಿಲ್ಲ, ಬೆಟ್ಟವಿಲ್ಲ, ಹೇಳಿಕೊಳ್ಳುವಂಥ ದೇವಸ್ಥಾನವೂ ಇಲ್ಲ. ಇರುವುದು ಆ ನೇರವಾದ ರಸ್ತೆ ಒಂದೇ. ಗುರುಮಲ್ಲಪ್ಪ ಅದನ್ನು ಬಾಗಿದೆ ಅಂದನಂತೆ ಎಂಬ ಮಾತು ಸಂಜೆಯೊಳಗೆ ಊರಿಡೀ ಹಬ್ಬಿತು. ಅಪ್ಪನನ್ನು ಗೊತ್ತುಮಾಡಿದ್ದ ಎರಡು ಮದುವೆಯವರು ಬೇರೆ ಬ್ಯಾಂಡ್ ನೋಡಿಕೊಂಡರು. ಕ್ಷೌರದಂಗಡಿಯಲ್ಲಿ ಅಪ್ಪನಿಗೆ ಗಡ್ಡ ಮಾಡುವವನು, "ನೇರ ಕೂತ್ಕೊಳ್ಳಿ ಯಜಮಾನ್ರೇ, ಇಲ್ಲಾಂದ್ರೆ ನಿಮ್ಮ ಮುಖ ನೂರಿಪ್ಪತ್ತಾಗುತ್ತೆ" ಎಂದನಂತೆ.

ಕಾತ್ಯಾಯನಮ್ಮ ಅಕ್ಕನನ್ನು ವಾಪಸು ಕರೆದೊಯ್ಯಲು ನೋಡಿದರು. ಅಕ್ಕ ಒಪ್ಪಲಿಲ್ಲ. ನಮ್ಮೆದುರು ಅವರಿಗೆ ಹೇಳಿದ್ದು, "ಮೊದಲನೇ ಹೆರಿಗೆ ತವರಲ್ಲೇ ಆಗಬೇಕಲ್ಲ ಅತ್ತೆ." ಹಿಂದಿನ ಕೋಣೆಯಲ್ಲಿ ನನಗೆ ಹೇಳಿದ್ದು ಬೇರೆ: "ಅಲ್ಲಿ ಗೋಡೆ ಕದಲೋದಿಲ್ಲ ಕಣೆ ವಾರಿಜ, ಅತ್ತೆಯೂ ಕದಲೋದಿಲ್ಲ." ಹೊರಡುವಾಗ ಕಾತ್ಯಾಯನಮ್ಮ ಅಮ್ಮನನ್ನು ಮಾತ್ರ ಕರೆದು, "ಮನೆ ಇನ್ನೂ ಸಣ್ಣದಾದರೆ ನನಗೆ ತಿಳಿಸಿ. ನಿಮ್ಮ ಯಜಮಾನರ ಹತ್ತಿರ ಹೇಳಿಸಬೇಡಿ" ಎಂದರು.

ಮನೆ ಇನ್ನೂ ಸಣ್ಣದಾಯಿತು. ಸಾಮಾನ್ಯವಾಗಿ ಅರವತ್ತರ ಹತ್ತಿರ ಬಂದ ಓಣಿ ಹಿಂದಕ್ಕೆ ತಿರುಗಿಕೊಳ್ಳುತ್ತಿತ್ತು. ಈ ಸಲ ತಿರುಗಲಿಲ್ಲ. ಐವತ್ತಾಯಿತು, ನಲವತ್ತಾಯಿತು. ಅಕ್ಕನ ಹೊಟ್ಟೆ ಬೆಳೆಯುತ್ತಿತ್ತು, ಗೋಡೆ ಹತ್ತಿರ ಬರುತ್ತಿತ್ತು. ಅಪ್ಪ ಡ್ರಮ್ಮನ್ನು ಹೊರಗೆ ತಂದು ಓಣಿಯಲ್ಲಿಟ್ಟು ಟಾರ್ಪಾಲು ಹೊದಿಸಿದರು. ಬೀರು ಹೊರಗೆ ಹೋಯಿತು, ಮಂಚ ಹೋಯಿತು. ಕೊನೆಗೆ ಅಪ್ಪನೂ ಹೊರಗೆ ಮಲಗತೊಡಗಿದರು, ಅವರ ಹೊಟ್ಟೆ ಮತ್ತು ಅಕ್ಕನ ಹೊಟ್ಟೆ ಎರಡೂ ಏಕಕಾಲಕ್ಕೆ ನಡುಮನೆಯಲ್ಲಿ ಇರಲಾಗದೆ.

ಎದುರುಗಡೆ ಕಪನಯ್ಯನವರ ಮನೆ ನೂರ ನಲವತ್ತಾಗಿ ಹರಡಿಕೊಂಡಿತ್ತು. ಅವರ ನಡುಮನೆಯಲ್ಲಿ ಹತ್ತಿ ಹಿಂಜುವ ನಾಲ್ವರು ಒಬ್ಬರಿಗೊಬ್ಬರು ಕೂಗಿ ಮಾತಾಡಬೇಕಾಗಿತ್ತು. ಅಮ್ಮ ಒಂದು ದಿನ ಅನ್ನ ಬಡಿಸುತ್ತ ಅಪ್ಪನಿಗೆ ಹೇಳಿದಳು.

"ಹೋಗಿ ಒಂದು ಕೋಣೆ ಕೇಳಿ. ಅಂಬುಜನ ಹೆರಿಗೆ ಆಗೋವರೆಗೆ."

ಅಪ್ಪ ತಲೆ ಎತ್ತಲಿಲ್ಲ. "ನಾನು ಕೇಳೋಕಾಗಲ್ಲ ದಾಕ್ಷಾಯಣಿ."

"ಯಾಕೆ ಆಗಲ್ಲ?"

"ನಿನಗೆ ಗೊತ್ತಿಲ್ವೇನು?"

ಅಮ್ಮನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಅಪ್ಪ ಕೈತೊಳೆದು ಹೊರಗೆ ಹೋದ ಮೇಲೆ ಅವಳು ಹೇಳಿದಳು. ನಾನು ಹುಟ್ಟುವ ಮುಂಚಿನ ಮಾತು. ಆಗ ಓಣಿ ಆ ಕಡೆ ವಾಲಿತ್ತು. ನಮ್ಮ ಮನೆ ಅರಮನೆಯಷ್ಟಾಗಿತ್ತು, ಕಪನಯ್ಯನವರದು ಕುಗ್ಗಿಹೋಗಿತ್ತು. ಅವರ ತಾಯಿ ಬಸವಾಜಮ್ಮ ಹಾಸಿಗೆ ಹಿಡಿದಿದ್ದರು. ಮಗ್ಗುಲಾಗಲೂ ಜಾಗವಿಲ್ಲ. ಕಪನಯ್ಯನವರು ಬಂದು, ಅಮ್ಮನನ್ನು ನಿಮ್ಮ ನಡುಮನೆಯಲ್ಲಿ ಸ್ವಲ್ಪ ದಿನ ಮಲಗಿಸಿಕೊಳ್ಳಿ ಎಂದು ಕೇಳಿದರು. ಅಪ್ಪ ನೋಡೋಣ ಎಂದರು. ನಡುಮನೆಯಲ್ಲಿ ಬ್ಯಾಂಡಿನವರ ಅಭ್ಯಾಸ ನಡೆಯುತ್ತಿತ್ತು. ನೋಡೋಣ ನೋಡೋಣ ಎನ್ನುವಷ್ಟರಲ್ಲಿ ಮುದುಕಿ ಹೋಗಿಬಿಟ್ಟಿತು. ಬಾಗಿಲಲ್ಲಿ ಹೆಣ ತರಲಾಗದೆ ಹೆಂಚು ತೆಗೆದು ಮೇಲಿಂದ ಎತ್ತಿದರು. ಅಪ್ಪ ಹೋಗಿ, ನಮ್ಮ ಬ್ಯಾಂಡು ಬಿಟ್ಟಿಯಾಗಿ ಬರುತ್ತೆ, ಒಳ್ಳೆ ರಾಗ ಬಾರಿಸ್ತೀವಿ ಎಂದರು. ಬಾರಿಸಿದರು ಕೂಡ. ಮಣ್ಣು ಮಾಡಿ ಬಂದ ಮೇಲೆ ಕಪನಯ್ಯನವರು ಎಲ್ಲರೆದುರು ಒಂದೇ ಮಾತು ಹೇಳಿದರಂತೆ: "ಜಾಗ ಕೇಳಿದೆ, ರಾಗ ಕೊಟ್ಟ."

"ಅದಾದ ಮೇಲೆ ನಿಮ್ಮಪ್ಪ ಆ ಮನೆ ಕಡೆ ಮುಖ ಎತ್ತಿ ನೋಡಿಲ್ಲ" ಎಂದಳು ಅಮ್ಮ. "ಓಣಿ ಎಳೀತಾನೆ, ಮಂತ್ರ ಹಾಕ್ತಾನೆ ಅನ್ನೋದೆಲ್ಲ ಆಮೇಲೆ ಹುಟ್ಟಿದ್ದು. ಸಿಟ್ಟು ಮಾಡಿಕೊಂಡರೆ ನಾಚಿಕೆ ಕಾಣೋದಿಲ್ಲ ನೋಡು."

ಮರುದಿನ ಶಾಲೆಯಿಂದ ಬರುವಾಗ ನಾನೇ ಕಪನಯ್ಯನವರ ಜಗಲಿ ಹತ್ತಿದೆ. ಅವರು ಅಕ್ಕನಿಗೆಂದು ಹೇಳಿದ್ದ ಹಾಸಿಗೆಗೆ ಸೂಜಿ ಹಾಕುತ್ತಿದ್ದರು. ನನ್ನನ್ನು ನೋಡಿ ಕೂತುಕೋ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ.

"ಮಾವ, ಅಕ್ಕನಿಗೆ ಒಂದು ಕೋಣೆ ಬೇಕಾಗಿತ್ತು" ಎಂದೆ.

"ನಿಮ್ಮಪ್ಪ ಕಳಿಸಿದರೇನಮ್ಮ?"

"ಇಲ್ಲ. ಅವರಿಗೆ ಕೇಳೋಕೆ ಮುಖ ಇಲ್ಲ."

ಅವರು ಸೂಜಿ ನಿಲ್ಲಿಸಿದರು. ದಾರವನ್ನು ಹಲ್ಲಿನಲ್ಲಿ ಕಡಿದರು. "ನಾನು ಕೇಳಿದಾಗ ನನಗೆ ಮುಖ ಇತ್ತು ನೋಡು" ಎಂದರು. ಆಮೇಲೆ ಮತ್ತೆ ಸೂಜಿಗೆ ದಾರ ಪೋಣಿಸತೊಡಗಿದರು. ಒಳಗಿಂದ ಚೆನ್ನಾಜತ್ತೆ ಬಂದು, "ಯಾಕೆ ಮಗೂನ ನಿಲ್ಲಿಸಿದ್ದೀರಿ? ಹೂಂ ಅನ್ನಿ, ಇಲ್ಲ ಊಹೂಂ ಅನ್ನಿ" ಎಂದಳು. ಅವರು ಎರಡೂ ಅನ್ನಲಿಲ್ಲ. "ನೋಡೋಣ" ಎಂದರು. ಆ ಮಾತು ಬಾಯಿಂದ ಬಿದ್ದ ಕೂಡಲೇ ಅದು ಯಾರ ಮಾತು ಎಂದು ಅವರಿಗೇ ಹೊಳೆದಿರಬೇಕು. ಸೂಜಿ ಹಿಡಿದ ಕೈ ಹಾಗೇ ನಿಂತಿತು. ನಾನು ಜಗಲಿ ಇಳಿದು ಬಂದೆ.

ಮಾರನೆಯ ಬೆಳಗ್ಗೆ ಅಮ್ಮ ಒಲೆಯ ಮುಂದೆ ಇದ್ದಳು, ನಾನು ಜಡೆ ಹಾಕಿಕೊಳ್ಳುತ್ತಿದ್ದೆ, ಅಕ್ಕ ಹಿಂದಿನ ಕೋಣೆಯಲ್ಲಿದ್ದಳು. ಓಣಿ ನೆಗೆಯಿತು. ಅದು ಹಾಗೆ ಒಮ್ಮೆಲೇ ಸರಿದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಗೋಡೆ ಗೊರಗೊರ ಎಂದಿತು, ಮೇಲಿನ ಹೆಂಚುಗಳು ಇಸ್ಪೀಟು ಕಲೆಸಿದ ಹಾಗೆ ಒಂದರೊಳಗೊಂದು ಸರಿದವು. ಅಮ್ಮ ನನ್ನ ಕೈ ಹಿಡಿದು ಹೊರಗೆ ಎಳೆದಳು. ತಿರುಗಿ ನೋಡಿದರೆ ನಡುಮನೆಗೂ ಹಿಂದಿನ ಕೋಣೆಗೂ ನಡುವಿನ ದಾರಿ ಒಂದು ಗೇಣಿನಷ್ಟಾಗಿತ್ತು. ಆ ಗೇಣಿನ ಆಚೆ ಅಕ್ಕ ನಿಂತಿದ್ದಳು, ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ.

"ಅಮ್ಮಾ, ನೀರು ಹೋಯ್ತು" ಎಂದಳು, ಸಂತೆಗೆ ಹೋದವರು ಮರೆತ ಸಾಮಾನು ಹೇಳುವ ಹಾಗೆ.

ಅಪ್ಪ ಒಳಗೆ ನುಗ್ಗಲು ಹೋಗಿ ಬಾಗಿಲಲ್ಲೇ ಸಿಕ್ಕಿಕೊಂಡರು. ಅಮ್ಮ ಮತ್ತು ನಾನು ಕೈ ಹಿಡಿದು ಎಳೆದು ಅವರನ್ನು ಬಿಡಿಸಬೇಕಾಯಿತು. ಬ್ಯಾಂಡಿನ ಹುಡುಗರು ಓಡಿ ಬಂದರು. ಒಬ್ಬ ಹಾರೆ ತಂದ, ಗೋಡೆ ಒಡೆಯೋಣ ಎಂದ. ಒಡೆದರೆ ಮೇಲಿನ ತೊಲೆ ಅಕ್ಕನ ತಲೆಯ ಮೇಲೆಯೇ ಬರುತ್ತಿತ್ತು. ಆಸ್ಪತ್ರೆಯ ನರ್ಸಮ್ಮನನ್ನು ಕರೆಯಲು ಇನ್ನೊಬ್ಬ ಸೈಕಲ್ ಹತ್ತಿದ. ಅಪ್ಪ ಓಣಿಯ ನಡುವೆ ನಿಂತು, ಏನು ಮಾಡಬೇಕೋ ತಿಳಿಯದೆ, ಕೈಗೆ ಸಿಕ್ಕ ಕ್ಲಾರಿಯೊನೆಟ್ಟನ್ನು ಎದೆಗೆ ಒತ್ತಿ ಹಿಡಿದಿದ್ದರು.

ಆಗ ಕಪನಯ್ಯನವರು ಮನೆಯಿಂದ ಬಂದರು. ಹೆಗಲ ಮೇಲೆ ಏಣಿ, ಹಿಂದೆ ಹತ್ತಿಯವರು ನಾಲ್ವರು, ಅವರ ತಲೆಯ ಮೇಲೆ ಅಕ್ಕನ ಹೊಸ ಹಾಸಿಗೆ, ಹಗ್ಗದ ಸುರುಳಿ. ಯಾರನ್ನೂ ಮಾತಾಡಿಸಲಿಲ್ಲ. ನಮ್ಮ ಮನೆಗೆ ಏಣಿ ಒರಗಿಸಿ ಸೂರು ಹತ್ತಿದರು. ಹೆಂಚುಗಳನ್ನು ಒಂದೊಂದಾಗಿ ತೆಗೆದು ಕೆಳಗಿನವರ ಕೈಗೆ ಕೊಟ್ಟರು, ರೀಪುಗಳನ್ನು ಬಿಡಿಸಿದರು. ಎಲ್ಲಿ ಕಾಲಿಡಬೇಕು, ಯಾವ ತೊಲೆ ತೂಕ ತಡೆಯುತ್ತದೆ ಎಂದು ಅವರು ಹುಡುಕಲೇ ಇಲ್ಲ. ಬ್ಯಾಂಡಿನ ಹುಡುಗನೊಬ್ಬ, "ನಿಮಗೆ ಹೇಗೆ ಗೊತ್ತು ಸ್ವಾಮಿ ಇದೆಲ್ಲ?" ಎಂದು ಕೇಳಿದ. "ಹಿಂದೊಂದು ಸಲ ಮಾಡಿದ್ದೆ" ಎಂದರು.

ಅಪ್ಪ ಕೆಳಗೆ ನಿಂತು ಅದನ್ನು ಕೇಳಿಸಿಕೊಂಡರು.

ಹಾಸಿಗೆಯ ನಾಲ್ಕು ಮೂಲೆಗೆ ಹಗ್ಗ ಕಟ್ಟಿ ತೊಟ್ಟಿಲಿನ ಹಾಗೆ ಮಾಡಿ ಕೆಳಗೆ ಬಿಟ್ಟರು. ಅಕ್ಕ ಅದರಲ್ಲಿ ಕೂರಲು ಒಪ್ಪಲಿಲ್ಲ. ನೋವು ಬಂದಾಗ ಸುಮ್ಮನಿರುವಳು, ಹೋದಾಗ ಬೈಯುವಳು. "ಮೊದಲು ಆ ಹಗ್ಗ ಹಿಡಿದವನು ತಿಂಡಿ ತಿಂದಿದ್ದಾನಾ ಕೇಳಿ" ಎಂದಳು. ಕಪನಯ್ಯನವರು ಬೋಳು ರೀಪುಗಳ ನಡುವಿನಿಂದ ತಲೆ ಒಳಗೆ ಹಾಕಿ, "ಅಂಬುಜ, ನಾನು ಹೊಲಿದ ಹಾಸಿಗೆ ಕಣಮ್ಮ. ಹರಿಯೋದಿಲ್ಲ. ಕಣ್ಣು ಮುಚ್ಚಿ ಕೂತ್ಕೋ" ಎಂದರು. ಅವಳು ಕೂತಳು. ಒಂದು ಕಡೆಯ ಹಗ್ಗ ಹತ್ತಿಯವರ ಕೈಯಲ್ಲಿ, ಇನ್ನೊಂದು ಕಡೆಯದು ಬ್ಯಾಂಡಿನವರ ಕೈಯಲ್ಲಿ. ಬ್ಯಾಂಡಿನವರಿಗೆ ತಾಳ ತಪ್ಪದೆ ಎಳೆಯುವುದು ಗೊತ್ತಿತ್ತು, ಹತ್ತಿಯವರಿಗೆ ಸದ್ದಿಲ್ಲದೆ ಎತ್ತುವುದು ಗೊತ್ತಿತ್ತು. ಎರಡೂ ಕೂಡಿಬರಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅಕ್ಕ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲುತ್ತ ಇಬ್ಬರ ವಂಶವನ್ನೂ ಸಮನಾಗಿ ಬೈದಳು. ಸೂರಿನ ಮೇಲೆ ಬಂದವಳನ್ನು ಏಣಿಯ ಮೇಲೆ ಮಲಗಿಸಿ, ಜಾರಿಸಿ, ಓಣಿ ದಾಟಿಸಿ ಎದುರು ಮನೆಯ ಒಳಕ್ಕೆ ಒಯ್ದರು. ಊರೆಲ್ಲ ನಿಂತು ನೋಡುತ್ತಿತ್ತು. ರಸ್ತೆ ಬಾಗಿದೆ ಎಂದವನ ಮಗಳು ಎಂದು ಆವತ್ತು ಯಾರೂ ಹೇಳಲಿಲ್ಲ.

ನರ್ಸಮ್ಮ ಬಂದಳು. ಕಪನಯ್ಯನವರ ನಡುಮನೆ ಎಷ್ಟು ದೊಡ್ಡದಾಗಿತ್ತೆಂದರೆ, ಅವಳು ಒಂದು ಮೂಲೆಯಲ್ಲಿ ಸೀರೆಯ ಮರೆ ಕಟ್ಟಿಸಿದ ಮೇಲೂ ಇನ್ನೊಂದು ಕಡೆ ಎರಡು ಮನೆಯ ಜನ ಒಬ್ಬರಿಗೊಬ್ಬರು ತಾಕದೆ ಕೂತಿದ್ದರು. ಅಪ್ಪ ಮಾತ್ರ ಒಳಗೆ ಬರಲಿಲ್ಲ. ಜಗಲಿಯ ಕೆಳಗೆ ಬಿಸಿಲಲ್ಲಿ ನಿಂತಿದ್ದರು. ಚೆನ್ನಾಜತ್ತೆ ಕರೆದಳು, ಬರಲಿಲ್ಲ. ಅಮ್ಮ ಕರೆಯಲಿಲ್ಲ. ಕೊನೆಗೆ ಕಪನಯ್ಯನವರೇ ಬಾಗಿಲಿಗೆ ಹೋದರು. ಅಷ್ಟು ವರ್ಷಗಳಲ್ಲಿ ಅವರಿಬ್ಬರು ಎದುರುಬದುರು ನಿಂತದ್ದು ಅದೇ ಮೊದಲು.

"ಗುರುಮಲ್ಲಪ್ಪನವ್ರೇ, ಒಳಗೆ ಬನ್ನಿ" ಎಂದರು. "ಆ ವಾದ್ಯ ಹೊರಗಿಟ್ಟು ಬನ್ನಿ."

ಅಪ್ಪ ಕ್ಲಾರಿಯೊನೆಟ್ಟನ್ನು ಜಗಲಿಯ ಮೇಲಿಟ್ಟು ಒಳಗೆ ಬಂದರು. ಗೋಡೆಯ ಪಕ್ಕ ಕೂತು, ಟವೆಲಿನಿಂದ ಮುಖ ಮುಚ್ಚಿಕೊಂಡರು. ಬೆವರು ಒರೆಸಿಕೊಳ್ಳುತ್ತಿದ್ದಾರೆ ಎಂದು ಎಲ್ಲರೂ ನಂಬಿದ ಹಾಗೆ ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಹತ್ತಿಯ ಪುಡಿ ಮೂಗಿಗೆ ಹೋಗಿ ಅಳುವ ಬದಲು ಮೊದಲು ಸೀನಿತು.

ಬಾಣಂತನವೆಲ್ಲ ಅಲ್ಲೇ ಆಯಿತು. ಅಮ್ಮ ಒಲೆಯನ್ನೂ ಅಲ್ಲಿಗೆ ಸಾಗಿಸಿದಳು. ನಮ್ಮ ಮನೆ ಆಮೇಲೆ ಇನ್ನೂ ಸೀಳಾಗಿ, ಉಪ್ಪಿನಕಾಯಿ ಜಾಡಿಗಳನ್ನು ಸಾಲಾಗಿಡಲು ಮಾತ್ರ ಯೋಗ್ಯವಾಯಿತು. ಕಾತ್ಯಾಯನಮ್ಮ ಮೊಮ್ಮಗಳನ್ನು ನೋಡಲು ಬಂದವರು ಬಾಗಿಲಲ್ಲಿ ನಿಂತು ಆ ನಡುಮನೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

"ಇದು ಎಷ್ಟಮ್ಮ ಈಗ?" ಎಂದು ನನ್ನನ್ನು ಕೇಳಿದರು.

ನಾನು ಹೇಳುವ ಮುಂಚೆ ಅಪ್ಪ ಹೇಳಿದರು: "ಇದು ನೂರ ಐವತ್ತೈದು ಅಮ್ಮಾವ್ರೇ. ನಮ್ಮದು ಇಪ್ಪತ್ತೈದು."

ಕಾತ್ಯಾಯನಮ್ಮ ಮನಸ್ಸಿನಲ್ಲೇ ಕೂಡಿಸಿಕೊಂಡರು. "ಸರಿಹೋಯ್ತು" ಎಂದು ಒಳಗೆ ಬಂದರು.

ಕಥೆ ಅಲ್ಲಿಗೆ ಮುಗಿದಿದ್ದರೆ ಕಪನಯ್ಯನವರು ದೊಡ್ಡವರಾಗಿಯೂ ಅಪ್ಪ ಋಣದಲ್ಲಿಯೂ ಉಳಿದುಬಿಡುತ್ತಿದ್ದರು. ಓಣಿ ಯಾರನ್ನೂ ಹಾಗೆ ಬಿಡುವುದಿಲ್ಲ. ಅಕ್ಕ ಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ಹೋದ ಮೇಲೆ ಅದು ಹಿಂದಕ್ಕೆ ತಿರುಗಿತು. ನಮ್ಮ ಮನೆ ಬಿಚ್ಚಿಕೊಂಡಿತು, ನಾವು ಒಲೆ ಎತ್ತಿಕೊಂಡು ವಾಪಸು ಬಂದೆವು. ತೊಂಬತ್ತಾದಾಗ ಎರಡೂ ಮನೆ ಒಂದೇ ಅಳತೆ. ಓಣಿ ನೆಟ್ಟಗೆ ನಿಂತು ಯಾರ ಕಡೆಗೂ ವಾಲದೆ ಕೆಲವು ದಿನ ಮರ್ಯಾದಸ್ಥನ ಹಾಗೆ ಇತ್ತು. ಆಮೇಲೆ ಕಪನಯ್ಯನವರ ಕಡೆ ಬಾಗತೊಡಗಿತು. ಅವರದು ಐವತ್ತಾಯಿತು, ಮೂವತ್ತೈದಾಯಿತು. ಹತ್ತಿಯವರು ಬೀದಿಯಲ್ಲಿ ಕೂತು ಹಿಂಜತೊಡಗಿದರು. ಗಾಳಿ ಬಂದರೆ ಹತ್ತಿಯೆಲ್ಲ ರಸ್ತೆಪಾಲು.

ಅಮ್ಮ ಕರೆದಳು, ಅವರು ಬರಲಿಲ್ಲ. ನಾನು ಹೋಗಿ ಕರೆದೆ. "ನಮಗೆ ಇಷ್ಟೇ ಸಾಕಮ್ಮ. ಇಬ್ಬರೇ ಇರೋದು" ಎಂದರು ಕಪನಯ್ಯನವರು. ಅವರ ಹಿಂದೆ ಚೆನ್ನಾಜತ್ತೆ ಅಡ್ಡಡ್ಡ ನಡೆದುಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ನನ್ನ ಕಡೆ ನೋಡಿ, ಇವರ ಬಿಗುಮಾನಕ್ಕೂ ಒಂದು ಕೋಣೆ ಬೇಕು ಎಂದು ಪಿಸುಗುಟ್ಟಿದಳು.

ಅಪ್ಪ ನಮ್ಮ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಒಂದು ಭಾನುವಾರ, ಕಾ‍ಫಿ ಕುಡಿದು ಲೋಟ ಕೆಳಗಿಟ್ಟು, ಎದ್ದು ಓಣಿ ದಾಟಿದರು. ನಾನೂ ಅಮ್ಮನೂ ಹಿಂದೆ ಹೋದೆವು, ಏನಾದರೂ ಬಾಯಿಗೆ ಬಂದದ್ದು ಹೇಳಿ ಕೆಡಿಸಿಬಿಟ್ಟಾರು ಎಂದು. ಅಪ್ಪ ಏನೂ ಹೇಳಲಿಲ್ಲ. ಕಪನಯ್ಯನವರ ಬಾಗಿಲಲ್ಲಿ ಅಡ್ಡಲಾಗಿ ತೂರಿ ಒಳಗೆ ಹೋದರು. ಕಪನಯ್ಯನವರು "ಏನು ಬೇಕಾಗಿತ್ತು?" ಎಂದರು. ಅಪ್ಪ ಒಳಗಿನ ಗೋಡೆಯ ಮೇಲಿದ್ದ ಬಸವಾಜಮ್ಮನವರ ಫೋಟೋವನ್ನು ಎರಡೂ ಕೈಯಲ್ಲಿ ತೆಗೆದು, ಟವೆಲಿನಿಂದ ಧೂಳು ಒರೆಸಿ, ಎದೆಗೆ ಹಿಡಿದುಕೊಂಡು ಹೊರಗೆ ಬಂದರು. ಬಾಗಿಲಲ್ಲಿ ಸಿಕ್ಕಿಕೊಳ್ಳಲಿಲ್ಲ. ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡಿದ್ದರು. ಓಣಿ ದಾಟಿ, ನಮ್ಮ ನಡುಮನೆಯ ಅಗಲವಾದ ಗೋಡೆಯ ನಟ್ಟನಡುವೆ, ದೊಡ್ಡ ಡ್ರಮ್ಮಿನ ಮೇಲೆ ಹತ್ತಿ ನಿಂತು, ಮೊಳೆ ಹೊಡೆದು ಅದನ್ನು ನೇತುಹಾಕಿದರು.

ಕಪನಯ್ಯನವರು ಹಿಂದೆಯೇ ಬಂದಿದ್ದವರು ನಮ್ಮ ಹೊಸಿಲಿನ ಮೇಲೆ ನಿಂತುಬಿಟ್ಟಿದ್ದರು. ಅಪ್ಪ ಡ್ರಮ್ಮಿನಿಂದ ಇಳಿದು ಅವರ ಮುಂದೆ ಬಂದು, "ತಡವಾಯ್ತು" ಎಂದರು. ಅಷ್ಟೇ. ಕಪನಯ್ಯನವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಫೋಟೋದ ಕೆಳಗೆ ನಿಂತು ತುಂಬ ಹೊತ್ತು ನೋಡಿದರು.

"ಅತ್ತೆ ಸ್ವಲ್ಪ ಓರೆಯಾಗಿದ್ದಾರೆ" ಎಂದಳು ಗಂಡನ ಹಿಂದೆಯೇ ಬಂದಿದ್ದ ಚೆನ್ನಾಜತ್ತೆ, ತಲೆ ವಾಲಿಸಿ ನೋಡುತ್ತ.

ಅಪ್ಪ ಗಾಬರಿಯಿಂದ ಮತ್ತೆ ಡ್ರಮ್ ಹತ್ತಲು ಹೋದರು. ಕಪನಯ್ಯನವರು ಅವರ ತೋಳು ಹಿಡಿದು ನಿಲ್ಲಿಸಿದರು.

"ಇರಲಿ ಬಿಡಿ" ಎಂದರು. "ಬದುಕಿದ್ದಾಗಲೂ ಅಮ್ಮ ಹಾಗೇ ಇದ್ದದ್ದು."